ದೊಡ್ಡಮ್ಮನ ಐದನೇ ಕಲ್ಲು

ಚಿಂತೆ ಮಾಡುವುದಕ್ಕೆ ಕಾರಣ ಬೇಕೆಂದು ತಿಳಿದವರು ಅನುಭವವಿಲ್ಲದವರು. ನನಗೆ ಅಂಚೆ ಬಂದರೂ ಚಿಂತೆ, ಬರದಿದ್ದರೂ ಚಿಂತೆ. ಇಂಥವನು ನಲವತ್ತೈದು ದಾಟಿದ ಮೇಲೆ ಕ್ಯಾಮೆರಾಕ್ಕೆ ಫ್ಲ್ಯಾಷ್ ಸಿಕ್ಕಿಸಿಕೊಂಡದ್ದು, ತಾನಾಗಿಯೇ ಹುಡುಕಿಕೊಂಡು ಹೋಗಿ ಇರುವೆ ಗೂಡಿನ ಮೇಲೆ ಕೂತ ಹಾಗೆ.

ಕ್ಯಾಮೆರಾ ಭಾವಮೈದುನ ಕೊಟ್ಟದ್ದು. ಬಿಸಿಲಿನಲ್ಲಿ ನನ್ನ ಮಾತು ಕೇಳುತ್ತಿತ್ತು. ಮನೆಯೊಳಗೆ ತೆಗೆದರೆ ಎಲ್ಲರೂ ಕತ್ತಲು. ಅದಕ್ಕೇ ಬೋಗುಣಿಯಂಥ ಫ್ಲ್ಯಾಷ್ ಕೊಂಡೆ. ಒಂದೊಂದು ಫೋಟೋಗೂ ಒಂದೊಂದು ಬಲ್ಬು ಉರಿದು ಸಾಯುತ್ತದೆ. ನಮ್ಮ ನಜರ್‌ಬಾದಿನ ಸ್ಟುಡಿಯೋದ ರಾಮಣ್ಣನವರು ಗುಟ್ಟು ಹೇಳಿಕೊಟ್ಟರು. ಆ ಬಲ್ಬಿನ ಪೊಟ್ಟಣದ ಮೇಲಿರುವ ಸಂಖ್ಯೆ ನೂರಹತ್ತು. ಅದನ್ನು ಎದುರಿಗಿರುವವರು ಎಷ್ಟು ಅಡಿ ದೂರವೋ ಅದರಿಂದ ಭಾಗಿಸಿ, ಬಂದ ಸಂಖ್ಯೆಗೆ, ಒಳಗೆ ಹೋಗುವ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಲೆನ್ಸಿನ ಬಳೆ ತಿರುಗಿಸಬೇಕು. ಹತ್ತಡಿಗೆ ಹನ್ನೊಂದು. ಶಟರನ್ನು ನಿಧಾನ ಇಟ್ಟರೆ ಹಿಂದಿನ ದೀಪದ ಬೆಳಕೂ ಉಳಿಯುತ್ತದೆ. "ಇಷ್ಟೇ ಸ್ವಾಮಿ, ಮೂರನೇ ಕ್ಲಾಸಿನ ಲೆಕ್ಕ" ಅಂದರು. ಮೂರನೇ ಕ್ಲಾಸಿನಲ್ಲಿ ಭಾಗಾಕಾರದ ದಿನ ನನಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತೆಂದು ಅವರಿಗೆ ಹೇಳಲಿಲ್ಲ.

ಮೊದಲ ರೋಲಿನ ಪ್ರಯೋಗ ಮನೆಯವರ ಮೇಲೆ. ಹೆಂಡತಿಯನ್ನು ಅಡಿಗೆಮನೆ ಬಾಗಿಲಲ್ಲಿ ನಿಲ್ಲಿಸಿ, ಅಳೆದು, ಭಾಗಿಸಿ, ಬಳೆ ತಿರುಗಿಸುವಷ್ಟರಲ್ಲಿ ಆಕೆ, ಒಲೆಯ ಮೇಲೆ ಹಾಲಿದೆ ಬೇಗ ತೆಗೆಯಿರಿ ಎನ್ನುತ್ತ ನಾಲ್ಕು ಹೆಜ್ಜೆ ಮುಂದೆ ಬಂದಿದ್ದಳು. ಫೋಟೋದಲ್ಲಿ ಕಂಡದ್ದು ಕುಂಕುಮ, ಎರಡು ಹುಬ್ಬು. "ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ನನ್ನ ಮುಖಕ್ಕೆ ಸುಣ್ಣ ಬಳಿದ್ರಲ್ಲ" ಅಂದಳು. ಭಾವಮೈದುನ ತನ್ನ ಸರದಿ ಬಂದಾಗ ನಾಚಿಕೊಂಡು ಹಿಂದೆ ಸರಿದಿದ್ದ. ಅವನ ಹಲ್ಲು ಮಾತ್ರ ಬಂದಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಜನ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಇಷ್ಟಕ್ಕೇ ನಕ್ಕು ಸುಮ್ಮನಾಗುತ್ತಿದ್ದೆವೇನೋ, ದೊಡ್ಡಮ್ಮ ಒಪ್ಪದೆ ಇದ್ದಿದ್ದರೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಎಂಬತ್ತರ ಹತ್ತಿರ ಬಂದರೂ ಅವಳದೊಂದು ಫೋಟೋ ಇಲ್ಲ. ವರ್ಷಗಟ್ಟಲೆ ಬೇಡಿದ ಮೇಲೆ, "ಒಂದೇ ಒಂದು ಕಣೋ. ಕೆಟ್ರೆ ಮತ್ತೆ ಕೇಳ್ಬೇಡ" ಅಂದಳು. ಅದೂ ದೇವರಮನೆಯ ಬಾಗಿಲಲ್ಲಿ, ಮಡಿಯುಟ್ಟು. ಆ ವಾರವೆಲ್ಲ ಆಫೀಸಿನ ಕಾಗದಗಳ ಅಂಚಿನಲ್ಲಿ ನೂರಹತ್ತನ್ನು ಸಿಕ್ಕಸಿಕ್ಕ ಸಂಖ್ಯೆಯಿಂದ ಭಾಗಿಸಿದೆ.

ಫೋಟೋ ತೆಗೆಯುವ ದಿನ ಬೆಳಿಗ್ಗೆ ದರ್ಜಿಯ ಬಟ್ಟೆ ಟೇಪು ಹಿಡಿದು ಅವಳತ್ತ ಹೊರಟೆ. "ಅಲ್ಲೇ ನಿಲ್ಲು. ಅದು ತಾಗಿದ್ರೆ ನಾನು ಮತ್ತೆ ಸ್ನಾನ ಮಾಡ್ಬೇಕು. ನನ್ನಿಂದ ಐದನೇ ಕಲ್ಲು ದಾಟ್ಬೇಡ. ನಾನು ಮಡಿಯಲ್ಲಿದ್ದಾಗ ನಿಮ್ಮ ದೊಡ್ಡಪ್ಪನೇ ದಾಟಿದೋರಲ್ಲ" ಅಂದಳು. ನಡುಮನೆಗೆ ಹಾಸಿದ ಚಪ್ಪಡಿ ಒಂದೊಂದೂ ಎರಡಡಿ. ಐದು ಕಲ್ಲಿಗೆ ಹತ್ತಡಿ. ಹತ್ತಡಿಗೆ ಹನ್ನೊಂದು. ಶಟರನ್ನು ನಿಧಾನ ಇಟ್ಟು, ಅಲುಗದ ಹಾಗೆ ಕ್ಯಾಮೆರಾವನ್ನು ಸ್ಟೂಲಿನ ಮೇಲಿರಿಸಿ ಒತ್ತಿದೆ. ದೊಡ್ಡಮ್ಮ ಕದಲಲಿಲ್ಲ. ಮಡಿಯಲ್ಲಿರುವವಳು ಯಾರತ್ತಲೂ ಅರ್ಧ ಹೆಜ್ಜೆ ಬರುವವಳಲ್ಲ.

ಫೋಟೋದಲ್ಲಿ ಮುಖದ ಒಂದೊಂದು ಗೆರೆಯೂ ಇತ್ತು, ಹಿಂದೆ ನಂದಾದೀಪವೂ ಉರಿಯುತ್ತಿತ್ತು. ಎಷ್ಟು ಕರಾರುವಾಕ್ಕಾಗಿ ಅಳೆದಿದ್ದೀರಿ ಎಂದು ರಾಮಣ್ಣನವರು ಹೊಗಳಿದಾಗ ನಾನು ವಿನಯದಿಂದ ಕೈಮುಗಿದೆ.

ಅದನ್ನು ದೊಡ್ಡಮ್ಮನ ಮುಂದೆ ನೆಲದ ಮೇಲಿಟ್ಟು ದೂರ ಸರಿದೆ. ಮುಟ್ಟದೆ, ಬಗ್ಗಿ ಬಹಳ ಹೊತ್ತು ನೋಡಿದಳು. "ನಮ್ಮಮ್ಮನ ಹಾಗೇ ಆಗ್ಬುಟ್ಟಿದೀನಲ್ಲೋ" ಅಂದಳು. ಆಮೇಲೆ ತಲೆಯೆತ್ತದೆಯೇ, "ಇನ್ನೊಂದು ತೆಗಿ. ಈ ಸಲ ಒಂದು ಕಲ್ಲು ಹತ್ತಿರ ಬಾ" ಅಂದಳು.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ತುಂಬಬೇಕಾಗಿತ್ತು. ಆದರೆ ನಾನು ನೂರಹತ್ತನ್ನು ಎಂಟರಿಂದ ಭಾಗಿಸುತ್ತಿದ್ದೆ. ಹದಿಮೂರೂಮುಕ್ಕಾಲು. ಬಳೆಯ ಮೇಲೆ ಹನ್ನೊಂದಿದೆ, ಹದಿನಾರಿದೆ. ಹದಿಮೂರೂಮುಕ್ಕಾಲು ಎಲ್ಲೂ ಇಲ್ಲ.