ಗುಳಿಗೆಗೆ ಉಪವಾಸ ಇಲ್ಲ

ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, "ತಂದೇ, ಇವತ್ತೊಂದಿನ ಸಿಟ್ಟು ಬರದಂತೆ ನೋಡ್ಕೋ" ಎಂದು ಬೇಡಿಯೇ ನಾನು ಆಸ್ಪತ್ರೆಗೆ ಹೋಗುತ್ತಿದ್ದೆ. ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸು, ಊರು ನಾಶಿಕ. ಮೂರ್ಛೆರೋಗದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರರ ಕೈಕೆಳಗೆ ನಾನು ನರ್ಸು. ಶಿವ ನನ್ನ ಬೇರೆಲ್ಲ ಬೇಡಿಕೆ ನಡೆಸಿಕೊಟ್ಟಿದ್ದಾನೆ. ಇದೊಂದನ್ನು ಮಾತ್ರ ಮಂದಿ ನಡೆಸಗೊಡಲಿಲ್ಲ. ಒಂದೇ ಮನೆಯ ಕಥೆ ಹೇಳಿದರೆ ಸಾಕು. ನಮ್ಮ ಬೀದರ ಕಡೆಯವರೇ, ಪಂಚವಟಿಯಲ್ಲಿ ಬಟ್ಟೆ ಅಂಗಡಿ. ಅವರ ಮಗಳಿಗೆ ಮೂರ್ಛೆ ಬರುತ್ತಿತ್ತು.

ಚಪ್ಪಲಿ ವೈದ್ಯ

ನಾನು ಸೀರೆ ಕೊಳ್ಳಲು ಹೋದ ದಿನವೇ ಹುಡುಗಿ ಅಂಗಡಿಯಲ್ಲಿ ಬಿದ್ದಳು. ಮಗ್ಗುಲಾಗಿ ಮಲಗಿಸೋಣವೆಂದು ಕೂತರೆ ಒಬ್ಬ ಗಿರಾಕಿ ನನ್ನನ್ನು ತಳ್ಳಿ, ತನ್ನ ಚಪ್ಪಲಿ ಬಿಚ್ಚಿ ಅವಳ ಮೂಗಿಗೆ ಹಿಡಿದ. ಮೂರ್ಛೆ ತನ್ನ ಪಾಡಿಗೆ ತಾನು ಇಳಿಯಿತು. ಅದು ಇಳಿಯುವುದೇ ಹಾಗೆ. "ನೋಡಿದ್ರ್ಯಾ, ನನ್ನ ಚಪ್ಪಲಿ ಗುಣ!" ಎಂದು ಆತ ಮೀಸೆ ತಿರುವಿದ.

ಮರುದಿನ ಆಸ್ಪತ್ರೆಗೇ ಬಂದ. "ಸಾಹೇಬ್ರ ಸಂಶೋಧನಾಕ್ಕ ಕೊಡಾಕ ತಂದೀನ್ರಿ" ಎಂದು ಒಂದು ಚಪ್ಪಲಿ ಮೇಜಿನ ಮೇಲಿಟ್ಟ.

"ಇನ್ನೊಂದು?" ಎಂದೆ, ಹಲ್ಲು ಕಚ್ಚಿ.

"ಅದು ಹಾಕ್ಕೊಳ್ಳಾಕ ಬೇಕಲ್ರಿ, ಸಿಸ್ಟರ್."

ಶ್ರಾವಣ ಸೋಮವಾರ

ಡಾಕ್ಟರು ಕೊಟ್ಟ ಗುಳಿಗೆಯಿಂದ ಮೂರ್ಛೆ ನಿಂತಿತು. ಹಬ್ಬ ಹುಣ್ಣಿಮೆ ಬಂದವು, ಹೋದವು, ಹುಡುಗಿ ಬೀಳಲಿಲ್ಲ. ಶ್ರಾವಣದಲ್ಲಿ ದಢಕ್ಕನೆ ಮತ್ತೆ ಬಿದ್ದಳು. ಓಡಿಹೋಗಿ ವಿಚಾರಿಸಿದರೆ ಅವರಜ್ಜಿ, "ತ್ರ್ಯಂಬಕೇಶ್ವರಕ್ಕ ಹೋಗಿ ವ್ರತ ಹಿಡಿಸೀನವ್ವಾ. ಉಪವಾಸದಾಗ ಗುಳಿಗಿ ನುಂಗಿದ್ರ ಕೆಡ್ತದಲ್ಲ" ಎಂದರು. ಅಜ್ಜಿಯ ಮುಂದಿನ ತಾಟಿನಲ್ಲಿ ಉಪವಾಸದ ಸಾಬುದಾಣಿ ಖಿಚಡಿ ಗೋಪುರದಂತಿತ್ತು.

ನಾನೂ ಸೋಮವಾರ ಮಾಡುವವಳೇ. ಅದಕ್ಕೇ ಮೈಯೆಲ್ಲ ಉರಿಯಿತು. ದೇವರ ಹೆಸರಿನಲ್ಲಿ ಕೂಸನ್ನು ಬೀಳಿಸುವುದು ಯಾವ ಭಕ್ತಿ? "ಅಜ್ಜೀ, ಹಾಲಾಹಲಾನೇ ಕುಡಿದಾಂವಗ ಇದೊಂದು ಗುಳಿಗಿ ಜಡ ಆಗ್ತದೇನ್ರಿ?"

ಅಜ್ಜಿ ತುತ್ತು ನಿಲ್ಲಿಸಿ ಯೋಚಿಸಿದರು.

"ಆಂವ ಸೋಮವಾರ ಕುಡಿದಿರಲಿಕ್ಕಿಲ್ಲ ಬಿಡವ್ವಾ."

ಇಂಗ್ಲಿಷ್ ಸ್ತೋತ್ರ

ಡಾಕ್ಟರರ ಲೇಖನ ವಿಲಾಯತಿ ಪತ್ರಿಕೆಯಲ್ಲಿ ಅಚ್ಚಾಯಿತು. ಮೂರ್ಛೆ ಮಿದುಳಿನ ಕಾಯಿಲೆ, ಗ್ರಹಚಾರವಲ್ಲ; ಗುಳಿಗೆ ಬಿಡದೆ ನುಂಗಿದವರು ನೆಟ್ಟಗಿದ್ದಾರೆ, ತಾವಾಗಿ ಬಿಟ್ಟವರು ಮತ್ತೆ ಬಿದ್ದಿದ್ದಾರೆ. ಇಷ್ಟೇ ಅದರ ಸಾರ. ಹೆಸರಿಲ್ಲದೆ ನಮ್ಮ ಹುಡುಗಿಯೂ ಅದರಲ್ಲಿದ್ದಳು. ಡಾಕ್ಟರು ಖುಷಿಯಿಂದ ಅವರ ಮನೆಗೊಂದು ಪ್ರತಿ ಕಳಿಸಿದರು.

ಕೆಲದಿನ ಬಿಟ್ಟು ಹೋಗಿ ನೋಡುತ್ತೇನೆ: ಲೇಖನ ಗಾಜಿನ ಚೌಕಟ್ಟಿನಲ್ಲಿ, ದೇವರ ಜಗುಲಿಯ ಮೇಲೆ, ಕುಂಕುಮ ಹೂವು ಸಮೇತ! ಗುಳಿಗೆ ಮಾತ್ರ ಮತ್ತೆ ಬಂದ್. "ಪುಸ್ತಕದಾಗ ಬಂತಂದ್ರ ರೋಗ ಹೋದಂಗೇ ಅಲ್ರೀ ಸಿಸ್ಟರಕ್ಕಾ?" ಎಂದಳು ಹುಡುಗಿಯ ಅವ್ವ. ಮೂರ್ಛೆಯ ಸುದ್ದಿ ಹೊರಬೀಳಬಾರದೆಂದು ಓಣಿಯವರಿಗೆಲ್ಲ ಇದು ಇಂಗ್ಲಿಷ್ ಸ್ತೋತ್ರ ಎಂದು ಹೇಳಿದ್ದಳಂತೆ. ಪಕ್ಕದ ಮನೆಯಾಕೆ ಅಡ್ಡಬಿದ್ದು ಎದ್ದು ನನ್ನನ್ನೇ ಕೇಳಿದಳು: "ಇದಕ್ಕ ಫಲಶ್ರುತಿ ಅದ ಏನ್ರಿ?"

"ಅದ. ದಿನಾ ತಪ್ಪದ ಗುಳಿಗಿ ನುಂಗಬೇಕು. ಬರೇ ಪೂಜಾ ಮಾಡಿದವರ ಹಲ್ಲು ಉದುರ್ತಾವ!"

ಸುಳ್ಳು ಹೇಳಿದ್ದಕ್ಕೆ ಶಿವನ ಕ್ಷಮೆ ಕೇಳಿದೆ. ಸಂಜೆಯಿಂದಲೇ ಹುಡುಗಿಗೆ ಗುಳಿಗೆ ಶುರುವಾಯಿತು.

ಔರಂಗಾಬಾದಿನ ಬೀಗರು

ಔರಂಗಾಬಾದಿನಿಂದ ಸಂಬಂಧ ಬಂತು. ವರನ ಅಜ್ಜಿಗೆ ತಿರುಗಾಡಲು ಆಗದು, ಹಾಗಾಗಿ ಹುಡುಗಿಯನ್ನೇ ಕರೆದೊಯ್ದರು. ಮೌಶಿ, ಅಂದರೆ ಚಿಕ್ಕಮ್ಮ, ಎಂದು ಹೇಳಿ ನನ್ನನ್ನೂ ಹೊರಡಿಸಿದರು. ಬಸ್ಸಿನಲ್ಲೇ ಅವ್ವನ ಅಪ್ಪಣೆಯಾಯಿತು: "ಇನ್ನ ಗುಳಿಗಿ ಬ್ಯಾಡ. ಅತ್ತಿಮನಿಯಾಗ ಯಾರರೇ ನೋಡಿದ್ರ ಮುಗೀತು." ಹುಡುಗಿ ನನ್ನ ಕಿವಿಯಲ್ಲಿ, "ಬಿಟ್ರ ಅವರ ಒಲಿ ಮ್ಯಾಲೇ ಬೀಳ್ತೀನಿ ಅಕ್ಕಾ" ಎಂದಳು. ಸಿಟ್ಟಿಗೆ ನನಗೆ ಊರು ಬರುವವರೆಗೂ ಪಂಚಾಕ್ಷರಿ ನೆಟ್ಟಗೆ ಬಾಯಿಗೆ ಬರಲಿಲ್ಲ.

ವರನ ಕಾಕಾ ಎದೆಯುಬ್ಬಿಸಿ ಕೂತಿದ್ದ. "ನಮ್ಮ ವಂಶದಾಗ ಹಲ್ಲುನೋವು ಸೈತ ಇಲ್ಲ. ಹುಡುಗಿಗೇನರೇ ಅದ?"

"ಏನೂ ಇಲ್ರಿ" ಎಂದಳು ಅವ್ವ.

ಹುಡುಗಿ ಚೀಲದಿಂದ ಗುಳಿಗೆ ತೆಗೆದು, ಅವರದೇ ತಂಬಿಗೆಯ ನೀರಿನಲ್ಲಿ ಎಲ್ಲರೆದುರು ನುಂಗಿದಳು. "ಮೂರ್ಛಿ ಅದ್ರಿ. ಇದನ್ನ ತಗೊಂಡ್ರ ಬರೂದಿಲ್ಲ. ಬಿಡು ಅನ್ನೂ ಮನಿ ನನಗ ಬ್ಯಾಡ್ರಿ."

ಕಾಕಾ ಎದ್ದು ನಿಂತ. "ಮೋಸ! ಎಂಥಾ ಕುಲಾ ನಮ್ದು, ಎಂಥಾ ರೋಗದ ಹೆಣ್ಣು ತಂದೀರಿ! ಏಳ್ರಿ!" ನಾನೂ ಎದ್ದೆ. ಬಾಯಿಗೆ ಬಂದದ್ದು ವಚನವಂತೂ ಆಗಿರಲಿಲ್ಲ. ಅಷ್ಟರಲ್ಲಿ ಒಳಕೋಣೆಯಿಂದ ವರನ ಅಜ್ಜಿಯ ಗದರಿಕೆ ಬಂತು:

"ಕೂಡೋ ತಮ್ಮಾ! ನೀ ಮೂರ್ಛಿ ಬಂದು ಬಚ್ಚಲದಾಗ ಬಿದ್ದಾಗೆಲ್ಲ ಬಾಗಲಾ ಒಡದೂ ಒಡದೂ ಸಾಕಾಗಿ, ಬಾಗಲದ ಬದಲಿ ನನ್ನ ಹಳೀ ಸೀರಿ ಪರದಿ ಕಟ್ಟೀವಿ. ಆ ಡಾಕ್ಟರ ಎಲ್ಲಿ ಕೂಡ್ತಾನ ಕೇಳ್ಕೋ ಮೊದ್ಲ!"

ಕಾಕಾ ಕೂತ. ಹುಡುಗಿ ತಂಬಿಗೆಯನ್ನು ಮೆಲ್ಲಗೆ ಆತನ ಕಡೆ ಸರಿಸಿದಳು. "ನಾಶಿಕಕ್ಕ ಬರ್ರಿ ಕಾಕಾ. ಪರದಿ ಮಾತ್ರ ಬಿಚ್ಚಬ್ಯಾಡ್ರಿ. ಇಂಥಾ ರೋಗಕ್ಕ ಬಚ್ಚಲದ ಚಿಲಕ ಹಾಕಬಾರ್ದಂತ ನಮ್ಮ ಡಾಕ್ಟರೂ ಹೇಳ್ತಾರ."

ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದೇಬಿಟ್ಟರು.

"ಈಕೀನ ಬಿಡಬ್ಯಾಡ್ರೋ! ಈ ಮನಿಯಾಗ ನನ್ನ ಸೀರಿಗೆ ಮರ್ಯಾದಿ ಕೊಟ್ಟ ಹೆಣಮಗಳು ಈಕಿನೇ ಮೊದಲ್ನೇದಾಕಿ!"