ಮಿಸ್ಟರ್ ಫಿಗಯಾಬೂರ ಎಲ್ಲಿದ್ದರೂ ಬರಬೇಕು

ನಾಲ್ಕು ಜನ ಕನ್ನಡಿಗರು ಸೇರಿದರೆ ಒಂದು ಸಂಘ, ಐದನೆಯವನು ಬಂದರೆ ಒಂದು ಚುನಾವಣೆ. ಮಸ್ಕತ್ತಿನಲ್ಲಿ ಹದಿನೈದು ವರ್ಷ ಕಳೆದ ನನಗೆ ಈ ತಮಾಷೆ ವರ್ಷಕ್ಕೊಮ್ಮೆ ತಪ್ಪಿದ್ದಲ್ಲ. ಎರಡು ಸಾವಿರದ ದಶಕದಲ್ಲೊಮ್ಮೆ ಅದಕ್ಕೆ ನನ್ನ ಕಾಣಿಕೆಯೂ ಸೇರಿತು.

೧. ಸಾಲು ಯಾವುದಕ್ಕೆ?

ಚುನಾವಣೆ ಶುಕ್ರವಾರ ಬೆಳಿಗ್ಗೆ, ರೂವಿ ಬಡಾವಣೆಯ ಬಾಡಿಗೆ ಹಾಲ್‌ನಲ್ಲಿ. ಮನೆಗೊಂದು ಓಟು. ಮಧ್ಯಾಹ್ನದ ನಮಾಜಿಗೆ ಮುಂಚೆ ಹಾಲ್ ಖಾಲಿ ಮಾಡಬೇಕು. ಒಂದು ವರ್ಷ ಓಟಿನ ಸಾಲೂ ಊಟದ ಸಾಲೂ ಒಂದೇ ಓಣಿಯಲ್ಲಿ ಬೆಳೆದು ಬೆರೆತುಹೋದವು. ಬ್ಯಾಂಕಿನ ಹಿರಿಯರೊಬ್ಬರು ಮುಕ್ಕಾಲು ಗಂಟೆ ನಿಂತು, ಮಡಿಸಿದ ಮತಪತ್ರವನ್ನು ಅಡುಗೆಯವನ ಮುಂದೆ ಚಾಚಿದರು.

"ತಟ್ಟೆ ಎಲ್ಲಿ ಸಾರ್?" ಎಂದ ಅವನು.

"ಗುಪ್ತ ಮತದಾನಕ್ಕೆ ತಟ್ಟೆ ಯಾಕಯ್ಯಾ?"

ಕೊನೆಗೆ ಬಿಸಿಬೇಳೆಭಾತ್ ತಿಂದು ಮನೆಗೆ ಹೋದರು. ಓಟು ಜೇಬಿನಲ್ಲೇ ಇತ್ತು.

೨. ಕಾಯದಿರಲು ಕಾಯ್ದೆ

ಮುಂದಿನ ವರ್ಷ ಕಾರ್ಯದರ್ಶಿ ಸ್ಥಾನಕ್ಕೆ ನಾನು ನಿಂತೆ. ನನಗೆ ಆ ಕುರ್ಚಿ ಬೇಕೇ ಬೇಕಿತ್ತು, ಸುಳ್ಳೇಕೆ ಹೇಳಲಿ. ಹೆಸರು ಮಾಡಲು ಒಂದು ನಿಯಮ ಬರೆದೆ: ಓಟು ಹಾಕಲು ಯಾರೂ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಕೂಡದು. ಪಾಸ್‌ಪೋರ್ಟಿನ ಕೊನೆಯ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತೆ ವೇಳೆ, ಅಕ್ಷರಕ್ಕೆ ಹತ್ತು ನಿಮಿಷ. ಹೆಸರು ಹಿಡಿದು ಮೂರು ಸಲ ಕರೆಯುವುದು, ಬಾರದಿದ್ದರೆ ಖಲಾಸ್.

ಸರ್ವಸದಸ್ಯರ ಸಭೆಯಲ್ಲಿ ಚರ್ಚೆ ಶುರುವಾಯಿತು. ಒಬ್ಬರು ಎದ್ದರು: "ನಿಂತರೆ ಹತ್ತು ನಿಮಿಷ ಸರಿ. ಕುರ್ಚಿ ಕೊಟ್ಟರೆ?" ಅಲ್ಲಿಗೆ ಸಭೆ ಎರಡು ಪಂಗಡವಾಯಿತು. ಹಿಂದಿನ ಸಾಲಿನಲ್ಲಿ ನಿದ್ದೆ ಹೋಗಿದ್ದವರೊಬ್ಬರು ಎಚ್ಚರಗೊಂಡು ಗಡಿಯಾರ ನೋಡಿದರು.

"ಹತ್ತು ನಿಮಿಷ ಕಾಯ್ಬಾರ್ದು ಅಂತ ತೀರ್ಮಾನ ಮಾಡೋಕೆ ಮೂರು ಗಂಟೆ ಕಾಯಿಸಿದ್ರಲ್ಲ ಸ್ವಾಮಿ!"

ನಿಯಮ ಪಾಸಾಯಿತು. ಎಲ್ಲರಿಗೂ ಹಸಿವಾಗಿತ್ತು.

೩. ಬೇಜವಾಬ್ದಾರಿ ಸದಸ್ಯ

ಚುನಾವಣೆಯ ದಿನ ಹೆಸರು ಕೂಗುವ ಕೆಲಸವನ್ನೂ ನಾನೇ ವಹಿಸಿಕೊಂಡೆ. ಅಭ್ಯರ್ಥಿ ಕೂಗಬಾರದೆಂದು ನಿಯಮದಲ್ಲಿರಲಿಲ್ಲ. ಬರೆದವನು ನಾನಲ್ಲವೇ?

ಹಾಲ್ ಬಾಡಿಗೆ ಕೊಟ್ಟವರಿಗೆ ಸದಸ್ಯರ ಪಟ್ಟಿ ಅರಬ್ಬಿಯಲ್ಲಿ ಬೇಕಿತ್ತು. ನಮ್ಮ ಆಫೀಸಿನ ಈಜಿಪ್ಟಿನ ಟೈಪಿಸ್ಟ್ ಮಾಡಿಕೊಟ್ಟಿದ್ದ. ಅದನ್ನೇ ಅವನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಅಕ್ಷರಕ್ರಮದಲ್ಲಿ ಜೋಡಿಸಿದ ಪ್ರತಿ ನನ್ನ ಕೈಯಲ್ಲಿತ್ತು.

ಎಫ್ ಅಕ್ಷರದಲ್ಲಿ ಕೂಗಿದೆ: "ಮಿಸ್ಟರ್ ಫಿಗಯಾಬೂರ!"

ಯಾರೂ ಏಳಲಿಲ್ಲ.

"ಮಿಸ್ಟರ್ ಫಿಗಯಾಬೂರ ಎಲ್ಲಿದ್ದರೂ ಬರಬೇಕು!"

"ಗುಜರಾತಿನವನಾ ಮಾರಾಯ್ರೆ?" ಎಂದರು ನನ್ನ ಎದುರಾಳಿ, ರೂವಿಯಲ್ಲಿ ಅಂಗಡಿ ಇಟ್ಟಿದ್ದ ಮಂಗಳೂರಿನವರು.

ಮೂರನೆಯ ಸಲವೂ ಕೂಗಿ, ಕೆಂಪು ಶಾಯಿಯಲ್ಲಿ ಹೆಸರು ಹೊಡೆದು ಹಾಕಿದೆ. "ಇಂಥ ಬೇಜವಾಬ್ದಾರಿಗಳಿಂದಲೇ ಸಂಘ ಹಾಳಾಗುವುದು," ಎಂದು ಮೈಕಿನಲ್ಲೇ ಹೇಳಿದೆ. ಚಪ್ಪಾಳೆಯೂ ಬಿತ್ತು.

೪. ಎಸ್ ಸಂಕಟ

ಕ್ಯೂ ಅಕ್ಷರದ ವೇಳೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲದೆ ನಾವೆಲ್ಲ ಹಾಲಿಲ್ಲದ ಸುಲೈಮಾನಿ ಚಹಾ ಕುಡಿದೆವು. ಆಮೇಲೆ ಎಸ್ ಬಂತು. ಶೆಟ್ಟರು, ಶೆಣೈಗಳು, ಸುವರ್ಣರು, ಸಾಲಿಯಾನರು, ಶೇರಿಗಾರರು. ಕರಾವಳಿಗೆ ಕರಾವಳಿಯೇ ಹತ್ತು ನಿಮಿಷದಲ್ಲಿ ತೂರಬೇಕಿತ್ತು. ಸಾಲು ಹಾಲ್ ದಾಟಿ, ರಸ್ತೆ ದಾಟಿ, ಟ್ಯಾಕ್ಸಿ ಸ್ಟ್ಯಾಂಡಿಗೆ ಮುಟ್ಟಿತು. ಬಿಸಿಲಲ್ಲಿ ನಿಂತವರಿಗೆಲ್ಲ ಎದುರಾಳಿ ತಣ್ಣನೆಯ ಲಬಾನ್ ಮಜ್ಜಿಗೆ ಹಂಚಿದರು.

"ಇದು ತಪ್ಪಲ್ಲವೇ?" ಎಂದೆ.

"ನಿಮ್ಮ ರೂಲಲ್ಲಿ ಮಜ್ಜಿಗೆ ವಿಷಯ ಉಂಟಾ? ಇಲ್ಲಲ್ಲ. ನನ್ನವರನ್ನೆಲ್ಲ ಒಂದೇ ಕಡೆ ನಿಲ್ಲಿಸಿಕೊಟ್ಟಿದ್ದೀರಿ, ನೀವೂ ಒಂದು ಕುಡೀರಿ."

ಕುಡಿದೆ. ಚೆನ್ನಾಗಿತ್ತು, ಅದೇ ಹೊಟ್ಟೆಯುರಿ.

೫. ಕರೆದವರು ಯಾರು?

ಕೊನೆಗೆ ನನ್ನ ಸರದಿ. ನಮ್ಮ ಕಡೆ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿಯಿಲ್ಲ. ಪಾಸ್‌ಪೋರ್ಟಿನವರು ಕೇಳಿದಾಗ ಊರಿನ ಹೆಸರು ಕೊಟ್ಟಿದ್ದೆ: ದೇವನಹಳ್ಳಿ ಪಕ್ಕದ ವಿಜಯಪುರ. ಪಟ್ಟಿಯನ್ನು ಚುನಾವಣಾಧಿಕಾರಿಯ ಕೈಗಿತ್ತು, ಗತ್ತಿನಿಂದ ವಿ ಅಕ್ಷರದ ಸಾಲಿಗೆ ಹೋಗಿ ನಿಂತೆ.

ಚುನಾವಣಾಧಿಕಾರಿ ನಿವೃತ್ತ ಮೇಷ್ಟರು. ಪಟ್ಟಿಯ ಮೇಲೆ ಬೆರಳಾಡಿಸಿದರು. "ವಿಯಲ್ಲಿ ನೀವಿಲ್ಲ."

ಸದಸ್ಯ ಸಂಖ್ಯೆ ಹೇಳಿದೆ. ಹುಡುಕಿದರು. ಬೆರಳು ಕೆಂಪು ಗೀಟಿನ ಮೇಲೆ ನಿಂತಿತು.

ಅರಬ್ಬಿಯಲ್ಲಿ ಇಂಗ್ಲಿಷಿನ ವಿ ಇಲ್ಲ, ಫ ಆಗಿತ್ತು. ಪ ಇಲ್ಲ, ಬ ಆಗಿತ್ತು. ಈಜಿಪ್ಟಿನವರ ಬಾಯಲ್ಲಿ ಜ ಹೋಗಿ ಗ ಆಗಿತ್ತು. ವಿಜಯಪುರ ಹೋಗಿ ಫಿಗಯಾಬೂರವಾಗಿತ್ತು.

"ಅದು ನಾನೇ ಮೇಷ್ಟ್ರೇ!"

"ಮೂರು ಸಲ ಕರೆದಾಗ ಬರಬೇಕಿತ್ತು."

"ಕರೆದದ್ದೂ ನಾನೇ!"

"ಹಾಗಾದರೆ ಕೇಳಿಸಲಿಲ್ಲ ಅನ್ನೋ ಹಾಗೂ ಇಲ್ಲ. ಖಲಾಸ್."

ಒಂದೇ ಓಟಿನಿಂದ ಸೋತೆ. ನನ್ನ ಓಟು ಬಿದ್ದಿದ್ದರೆ ಸಮ ಸಮವಾಗಿ ಚೀಟಿ ಎತ್ತಬಹುದಿತ್ತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಲಗಿದೆ. ಸುದ್ದಿ ನನಗಿಂತ ಮೊದಲೇ ಹೆಂಡತಿಗೆ ಮುಟ್ಟಿತ್ತು.

ಅಡುಗೆಮನೆಯಿಂದ ಕೂಗಿದಳು: "ಮಿಸ್ಟರ್ ಫಿಗಯಾಬೂರ, ಊಟಕ್ಕೆ ಬನ್ನಿ! ಆಗಲೇ ಎರಡು ಸಲ ಕರೆದಾಯ್ತು!"