ಬಿದ್ದ ಗೋಡೆ ಎಲ್ಲೈತಿ ತೋರಸ್ರಿ

ಸುಟ್ಟ ಮನೆ, ಸೋರುವ ಮನೆ, ಕಳ್ಳರು ಹೊಕ್ಕ ಮನೆ, ಇವು ಯಾವುವೂ ನಗುವ ಜಾಗಗಳಲ್ಲ. ಆದರೆ ನನ್ನ ಹಣೆಬರಹವೋ ಏನೋ, ತಿಂಗಳಿಗೆ ಒಮ್ಮೆಯಾದರೂ ಇಂಥ ಮನೆಯೊಳಗಿಂದಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿ ಬರುವ ಪ್ರಸಂಗ ಬರುತ್ತಲೇ ಇರುತ್ತದೆ.

ನನ್ನ ಕೆಲಸ ವಿಮೆಯ ಸರ್ವೇ. ಯಾರಾದರೂ ತಮ್ಮ ಮನೆಗೆ ವಿಮೆ ಮಾಡಿಸಿದ್ದು, ಆ ಮನೆಗೆ ಏನಾದರೂ ಆದರೆ, ನಾನು ಹೋಗಿ ಹಾನಿಯನ್ನು ಕಣ್ಣಾರೆ ನೋಡಿ ವರದಿ ಬರೆಯಬೇಕು. ಕಂಡದ್ದನ್ನು ಬರೆಯಬೇಕು, ಕಾಣದ್ದನ್ನು ಬರೆಯಬಾರದು. ನಾನು ಬರೆದರೆ ಆ ಮನೆಯವರಿಗೆ ಪರಿಹಾರ, ಬರೆಯದಿದ್ದರೆ ಇಲ್ಲ. ಕೇಳಲಿಕ್ಕೆ ಬಹಳ ಸರಳ. ಆದರೆ ನಮ್ಮ ಬೆಳಗಾವಿ ಕಡೆಯ ಜನಕ್ಕೆ ಮನೆಗೆ ಯಾರೋ ಬರುತ್ತಾರೆ ಎಂದು ತಿಳಿದರೆ ಸಾಕು, ಹರಿದದ್ದು, ಮುರಿದದ್ದು, ಸೋರಿದ್ದು ಒಂದೂ ಬಂದವರ ಕಣ್ಣಿಗೆ ಬೀಳಬಾರದು. ಅದರ ಮೇಲೆ ನಾನು ಹೆಣ್ಣುಮಗಳು. ಮೊದಲ ಸಲ ಬಂದ ಹೆಣ್ಣುಮಗಳ ಸೆರಗಿಗೆ ಕುಪ್ಪಸದ ಖಣ, ಕಾಯಿ ಹಾಕಿ ಉಡಿ ತುಂಬದೆ ಕಳಿಸುವ ರೂಢಿ ಇಲ್ಲಿ ಇಲ್ಲ. ನಿಯಮದ ಪ್ರಕಾರ ನಾನು ಆ ಮನೆಯ ಚಹಾ ಕೂಡ ಮುಟ್ಟುವಂತಿಲ್ಲ. ಈ ನಿಯಮ ಬರೆದವರು ನಮ್ಮ ಕಡೆ ಒಮ್ಮೆಯೂ ಕಾಲಿಟ್ಟಿಲ್ಲ ಎಂದು ನನ್ನ ಗಟ್ಟಿ ಅನುಮಾನ.

ಹೊಸ ಬಣ್ಣ

ಶಿವಬಸವ ನಗರದಲ್ಲಿ ಒಬ್ಬ ನಿವೃತ್ತ ಮಾಸ್ತರರ ಅಡಿಗೆ ಮನೆಗೆ ಬೆಂಕಿ ಬಿದ್ದಿತ್ತು. ವೈರಿಂಗ್ ಶಾರ್ಟ್ ಆಗಿತ್ತಂತೆ. ಫೋನಿನಲ್ಲಿ ಮಾಸ್ತರರು, "ಎಲ್ಲಾ ಸುಟ್ಟು ಕರೀ ಮಸಿ ಆಗೇತ್ರಿ ಮೇಡಂ" ಎಂದು ಅಳುವುದೊಂದೇ ಬಾಕಿ. ನಾಡಿದ್ದು ಮುಂಜಾನೆ ಬರುತ್ತೇನೆ, ಏನನ್ನೂ ಮುಟ್ಟಬೇಡಿ ಎಂದೆ. ನಾಡಿದ್ದು ಬರುತ್ತೇನೆ ಎಂಬುದಷ್ಟೇ ಅವರ ತಲೆಯಲ್ಲಿ ಉಳಿಯಿತು.

ಹೋಗಿ ನೋಡಿದರೆ ಅಂಗಳದಲ್ಲಿ ರಂಗೋಲಿ. ಅಡಿಗೆ ಮನೆಯ ಗೋಡೆ ಹಾಲಿನಷ್ಟು ಬೆಳ್ಳಗೆ. ಬಣ್ಣದ ವಾಸನೆಗೆ ನನಗೆ ಸೀನು ಬಂತು. ಫ್ರಿಜ್ ಇಲ್ಲ, ಮಿಕ್ಸರ್ ಇಲ್ಲ, ಕಪಾಟಿಲ್ಲ.

"ಬೆಂಕಿ ಎಲ್ಲಿ ಬಿದ್ದಿತ್ತು ಮಾಸ್ತರ?"

"ಇಲ್ಲೇ ರೀ," ಎಂದು ಗೋಡೆ ಮುಟ್ಟಿ ತೋರಿಸಿದರು. ಬೆರಳಿಗೆ ಹಸಿ ಬಣ್ಣ ಹತ್ತಿತು.

"ಸುಟ್ಟ ಫ್ರಿಜ್?"

"ಗುಜರಿಯಾವ ಒಯ್ದ ರೀ. ಸುಟ್ಟ ಸಾಮಾನ ಮನ್ಯಾಗ ಇಟ್ಕೋಬಾರದಂತಾರ. ಅದರಾಗ ನೀವು ಬೇರೆ ಬರಾವ್ರು."

"ನಾನು ಬರುವುದೇ ಅದನ್ನು ನೋಡಲಿಕ್ಕೆ ಮಾಸ್ತರ!"

"ಅಂಥಾ ಹೊಲಸ ನಿಮಗ ಹೆಂಗ ತೋರಸೂದ್ರಿ?"

ಸುಟ್ಟದ್ದಕ್ಕೆ ಸಾಕ್ಷಿ ಸಿಗದಿದ್ದರೆ ಪಾಪ ಆ ಮಾಸ್ತರರಿಗೆ ಏನೂ ಸಿಗುವುದಿಲ್ಲ. ಕೊನೆಗೆ ಅವರ ಸ್ಕೂಟರಿನ ಹಿಂದೆ ಕೂತು ಗುಜರಿ ಅಂಗಡಿಗೆ ಹೋಗಿ, ತಗಡಿನ ರಾಶಿಯೊಳಗಿಂದ ಅವರ ಕರಕಲು ಫ್ರಿಜ್ಜನ್ನು ಎಳೆಸಿ ಫೋಟೋ ತೆಗೆದುಕೊಂಡೆ. ಮೀಟರಿನ ಸುಟ್ಟ ವೈರು ಹೇಗೋ ಬಣ್ಣದವನ ಕಣ್ಣು ತಪ್ಪಿಸಿಕೊಂಡು ಉಳಿದಿತ್ತು. ಅದನ್ನೂ ಬರೆದೆ.

ಹೊರಡುವಾಗ ಮಾಸ್ತರರ ಹೆಂಡತಿ ಕುಂಕುಮ ಹಚ್ಚುತ್ತ ನನ್ನ ಕಿವಿಯ ಹತ್ತಿರ ಬಂದರು. "ಹನ್ನೆರಡು ವರ್ಷದಿಂದ ಬಣ್ಣ ಹಚ್ಚಸ್ರಿ, ಬಣ್ಣ ಹಚ್ಚಸ್ರಿ ಅಂತ ಬಡ್ಕೊಂಡೆ ಮೇಡಂ. ಈ ಮನಷ್ಯಾ ಕೇಳಲಿಲ್ಲ. ಕಡೀಕ ಬೆಂಕೀನ ಬೀಳಬೇಕಾತು ನೋಡ್ರಿ."

ಕಳ್ಳನ ಪಸಂದು

ಊರೊಳಗಿನ ಇನ್ನೊಂದು ಮನೆ. ಮನೆಮಂದಿಯೆಲ್ಲ ಮದುವೆಗೆ ಹೋದಾಗ ಕಳ್ಳ ಹೊಕ್ಕಿದ್ದ. ಟಿವಿ, ತಾಮ್ರದ ಹಂಡೆ, ಹೊಸ ಚಾದರ, ಪೂಜೆಯ ಹಿತ್ತಾಳೆ ಸಾಮಾನು, ಬಾಗಿಲ ಪರದೆ ಕೂಡ ಬಿಟ್ಟಿರಲಿಲ್ಲ. ಶೋಕೇಸಿನಲ್ಲಿ ಒಂದೇ ಒಂದು ವಸ್ತು ಉಳಿದಿತ್ತು. ಹೂವಿನ ಚಿತ್ರದ ಚಹಾ ಸೆಟ್ಟು. ಗೃಹಪ್ರವೇಶಕ್ಕೆ ಸೊಸೆಯ ತವರಿನವರು ಕೊಟ್ಟದ್ದು.

ಅತ್ತೆ ಒಂದು ಮೂಲೆಯಲ್ಲಿ ಕುಳಿತಿದ್ದರು. ಮನೆ ಲೂಟಿಯಾದ ದುಃಖ ಅವರ ಮುಖದಲ್ಲಿ ಇರಲಿಲ್ಲ. "ನೋಡ್ರಿ, ಕಳ್ಳಗ ಪರದೆ ಬೇಕಾತು, ಆ ಸೆಟ್ಟ ಬ್ಯಾಡಾತು," ಎಂದರು.

ನಾನು ಕಳುವಾದ ಸಾಮಾನಿನ ಪಟ್ಟಿ ಬರೆಯುತ್ತಿದ್ದೆ. ಸೊಸೆ ಹತ್ತಿರ ಬಂದು ಮೆಲ್ಲಗೆ, "ಅಕ್ಕಾರ, ಆ ಸೆಟ್ಟೂ ಕಳುವಾಗೇತಿ ಅಂತ ಬರೀರಿ" ಎಂದಳು.

"ಎದುರಿಗೇ ಇದೆಯಲ್ಲಮ್ಮ, ಹೇಗೆ ಬರೀಲಿ?"

"ಅದರ ಪರಿಹಾರ ನಮಗ ಬ್ಯಾಡ್ರಿ. ಬರೇ ಹೆಸರ ಬರೀರಿ, ಸೆಟ್ಟ ನಾ ಇವತ್ತ ಎಲ್ಲರ ಒಗದ ಬರ್ತೀನಿ. ನಮ್ಮ ತವರಿನ ಮರ್ಯಾದಿ ಪ್ರಶ್ನಿ ಐತಿ."

ವಿಮೆಯಲ್ಲಿ ಬೆಂಕಿಗೆ ಜಾಗವಿದೆ, ಕಳ್ಳತನಕ್ಕೆ ಜಾಗವಿದೆ, ತವರಿನ ಮರ್ಯಾದೆಗೆ ಯಾವ ಕಾಲಮ್ಮೂ ಇಲ್ಲ. ಆಕೆಯನ್ನು ಸಮಾಧಾನ ಮಾಡಲಿಕ್ಕೆಂದು, "ಕಳ್ಳ ಗಡಿಬಿಡಿಯಲ್ಲಿ ಇದ್ದನೇನೋ, ಅದನ್ನು ನೋಡಿರಲಿಕ್ಕಿಲ್ಲ ಬಿಡಮ್ಮ" ಎಂದೆ. ಅಷ್ಟಕ್ಕೇ ಕಾಯುತ್ತಿದ್ದವರಂತೆ ಅತ್ತೆ ಮೂಲೆಯಿಂದ ಎದ್ದು ಬಂದರು.

"ನೋಡಿಲ್ಲ ಹೆಂಗಂತೀರಿ? ಪೊಲೀಸರಿಗೆ ಬೆರಳಗುರುತ ಸಿಕ್ಕಿದ್ದ ಆ ಸೆಟ್ಟಿನ ಮ್ಯಾಲ. ಒಂದೊಂದ ಕಪ್ಪೂ ಎತ್ತಿ, ತಿರುವಿ ನೋಡಿ, ವಾಪಸ ಇಟ್ಟಾನ!"

ಹಾರಿಹೋದ ತಗಡು

ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುವವನ ಮನೆ. ಮಳೆಗಾಲಕ್ಕೆ ಮುಂಚಿನ ಬಿರುಗಾಳಿಗೆ ಮಾಡಿನ ಆರು ತಗಡು ಹಾರಿಹೋಗಿ, ಒಳಗಿನ ಗಾದಿ, ಟಿವಿ ಎಲ್ಲ ತೊಯ್ದಿದ್ದವು. ಹಾನಿ ಕಣ್ಣಿಗೆ ರಾಚುವಂತೆ ಇತ್ತು. ನನಗೆ ಖುಷಿಯಾಯಿತು. ಖುಷಿಯಾಗಬಾರದು, ಆದರೆ ನನ್ನ ಕಷ್ಟ ನಿಮಗೂ ಈಗ ಗೊತ್ತಾಗಿದೆಯಲ್ಲ.

"ಹಾರಿದ ತಗಡು ಎಲ್ಲಿ ಬಿದ್ದವು?" ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. ಆಮೇಲೆ ನಾಲ್ಕು ಮನೆ ದಾಟಿಸಿ ಒಬ್ಬ ಚಾಚಾನ ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲಿ ಆಡು ಕಟ್ಟುವ ಚಪ್ಪರದ ಮೇಲೆ ಆರು ತಗಡು ಸಾಲಾಗಿ ಕೂತಿದ್ದವು.

ಚಾಚಾ ಒಂಚೂರೂ ಗಾಬರಿಯಾಗಲಿಲ್ಲ. "ನಾ ತರಾಕ ಎಲ್ಲೂ ಹೋಗಿಲ್ರಿ ಮೇಡಂ. ಅವ ತಾವ ಬಂದ್ವು. ಮ್ಯಾಲಿಂದ ಬಂದಾವ ಅಂದ್ಮ್ಯಾಲ ಮ್ಯಾಲಿನಾವ ಕೊಟ್ಟಾನ ಅಂತ ತಿಳ್ಕೊಂಡೆ. ಬೇಕಂದ್ರ ಒಯ್ಯಿರಿ."

ಒಯ್ಯುವುದು ಹೇಗೆ? ಒಂದೊಂದು ಬೋಲ್ಟೂ ರಬ್ಬರ್ ವಾಶರ್ ಹಾಕಿ, ಅಲ್ಲಾಡದಂತೆ ಬಿಗಿದಿತ್ತು. ಇಷ್ಟು ವರ್ಷದಲ್ಲಿ ಅಷ್ಟು ಚೆಂದ ಕೂಡಿಸಿದ ತಗಡನ್ನು ನಾನು ನೋಡಿಯೇ ಇರಲಿಲ್ಲ.

"ಇದನ್ನು ಕೂಡಿಸಿದವರು ಯಾರು?"

ಚಾಚಾ ನನ್ನ ಪಕ್ಕದಲ್ಲಿದ್ದ ಲೇಥಿನವನ ಕಡೆ ಕೈ ಮಾಡಿದ.

ಆದದ್ದಿಷ್ಟು. ರಾತ್ರಿ ಪಾಳಿ ಮುಗಿಸಿ ಮುಂಜಾನೆ ಮನೆಗೆ ಹೊರಟವನನ್ನು ಚಾಚಾ ದಾರಿಯಲ್ಲೇ ನಿಲ್ಲಿಸಿ, ನಿನ್ನ ಹತ್ತಿರ ಬೋಲ್ಟ್ ತಿರುಗಿಸುವ ಪಾನಾ ಐತಲ್ಲ, ಇಷ್ಟು ಬಿಗಿದು ಹೋಗು ಎಂದಿದ್ದಾನೆ. ಇವನು ಎರಡು ತಾಸು ಮೇಲೆ ಕೂತು ಬಿಗಿದು, ಚಹಾ ಕುಡಿದು, ಮನೆಗೆ ಹೋಗಿ ಬೀಗ ತೆಗೆದರೆ ಒಳಗೆ ಬಿಸಿಲು.

"ನಿಮ್ಮದೇ ತಗಡೆಂದು ಗುರುತು ಸಿಗಲಿಲ್ಲವಾ?" ಎಂದೆ.

ಅವನು ನೆಲ ನೋಡುತ್ತ, "ಇಲ್ರಿ. ಭಾಳ ಚಲೋ ಅದಾವ ಚಾಚಾ, ಎಲ್ಲಿಂದ ತಂದ್ರಿ, ನಮ್ಮ ಮನೀಗೂ ಇಂಥಾವ ತರಬೇಕು ಅಂತ ನಾನ ಕೇಳೀನ್ರಿ" ಎಂದ.

ಲೋಂಡಾದ ದಂಗೆ

ಲೋಂಡಾದಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬ ಅಜ್ಜ. ಅಡವಿಯ ಮಂಗಗಳು ಬಂದು ಮಾಡಿನ ಹಂಚೆಲ್ಲ ಕಿತ್ತು ಹಾಕಿದ್ದವು. ನಾನು ಅವರ ಪಾಲಿಸಿಯನ್ನು ಓದಿ ಹೇಳಿದೆ. ಬೆಂಕಿ ಇದೆ, ಸಿಡಿಲು ಇದೆ, ಬಿರುಗಾಳಿ ಇದೆ, ನೆರೆ ಇದೆ, ದಂಗೆ ಇದೆ. ಮಂಗ ಇಲ್ಲ.

"ದಂಗೆ ಐತಲ್ಲ?" ಎಂದರು ಅಜ್ಜ.

"ಇದೆ ಅಜ್ಜಾರ. ಆದರೆ..."

"ಮೂವತ್ತು ಮಂದಿ ಗುಂಪು ಕಟ್ಕೊಂಡು ಬಂದು, ಹಂಚ ಕಿತ್ತು ಒಗದು, ಹೆಣ್ಮಕ್ಕಳನ್ನ ಹೆದರಿಸಿ, ಅಡಿಗಿ ಮನಿ ಲೂಟಿ ಮಾಡ್ಕೊಂಡು ಹೋದ್ರ ಅದಕ್ಕ ಏನಂತಾರ್ರಿ ನಿಮ್ಮ ಆಫೀಸ್ನ್ಯಾಗ?"

ಅಜ್ಜ ಪೆನ್ನನ್ನು ನನ್ನ ಕಡೆ ತಳ್ಳಿದರು. "ಬರ್ಕೋರಿ. ಮುಂದಾಳು ಯಾರು ಅಂತ ನನಗ ಗೊತ್ತೈತಿ. ಬಾಲ ಅರ್ಧ ಐತಿ. ಕರದಾಗ ಬಂದು ಗುರುತ ಹಿಡೀತೀನಿ."

ಬೀಳದ ಗೋಡೆ

ಖಾನಾಪುರದ ಒಂದು ಓಣಿಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ಇದ್ದಳು. ಗಂಡ ತೀರಿಕೊಂಡ ಮೇಲೆ ಎರಡು ಹೊಲಿಗೆ ಮಶೀನುಗಳೇ ಆಕೆಯ ಅನ್ನ. ಯಾರೋ ಹೇಳಿದರೆಂದು ಮನೆಗೂ ಮಶೀನಿಗೂ ಸೇರಿಸಿ ವಿಮೆ ಮಾಡಿಸಿದ್ದಳು. ಇಡೀ ಓಣಿ ನಕ್ಕಿತ್ತಂತೆ. ಆಕೆಯನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಬಾಜೂ ಮನೆಯ ಕಿರಾಣಿ ಅಂಗಡಿಯಾತನಂತೂ, "ಮಣ್ಣಿನ ಗ್ವಾಡಿಗೆ ಯಾರರೆ ವಿಮಾ ಮಾಡಸ್ತಾರೇನ ವೈನಿ" ಎಂದು ಬಂದ ಗಿರಾಕಿಗಳ ಎದುರಿಗೆಲ್ಲ ಆಕೆಯನ್ನು ಕಾಡಿಸಿದ್ದ. ಆ ವರ್ಷದ ಮಳೆಗೆ ಆಕೆಯ ಹಿಂದಿನ ಕೋಣೆಯ, ಅಂಗಡಿಯಾತನ ಮನೆ ಕಡೆಯ ಗೋಡೆ ಮಶೀನುಗಳ ಮೇಲೆಯೇ ಕುಸಿಯಿತು.

ದಾರಿಗೆ ಮರ ಬಿದ್ದು ನಾನು ಹೋಗುವುದು ಐದು ದಿನ ತಡವಾಯಿತು. ಆಕೆಯೂ ಅಷ್ಟು ದಿನ ತಂಗಿಯ ಮನೆಯಲ್ಲಿದ್ದು ಅದೇ ಮುಂಜಾನೆ ಬಂದಿದ್ದಳು. ಓಣಿಯವರೆಲ್ಲ ಬಾಗಿಲಲ್ಲೇ ನಿಂತಿದ್ದರು. ಹಿಂದಿನ ಕೋಣೆಗೆ ಕರೆದೊಯ್ದರು.

"ಬಿದ್ದ ಗೋಡೆ ಎಲ್ಲಿ?"

"ಇದೇ ರೀ."

"ಇದು ನಿಂತಿದೆಯಲ್ಲ!"

"ನಾವು ನಿಂದ್ರಸೀವಲ್ರಿ!" ಎಂದು ಇಡೀ ಓಣಿ ಒಂದೇ ಸ್ವರದಲ್ಲಿ ಹೇಳಿತು.

ಓಣಿಯಲ್ಲಿ ಗಾರೆ ಕೆಲಸ ಮಾಡುವ ಗೌಂಡಿ ಕೂಲಿ ತೆಗೆದುಕೊಳ್ಳದೆ, ಮಳೆ ತಾಗದಂತೆ ಮೇಲೆ ತಾಡಪತ್ರಿ ಕಟ್ಟಿ, ನಾಲ್ಕು ದಿನ ನಿಂತು ಕಟ್ಟಿದ್ದ. ಹಳೇ ಮಣ್ಣು ಎಲ್ಲಿ ಎಂದರೆ, ಅದನ್ನೇ ಕಲಸಿ ಕಟ್ಟಿದ್ದೇವೆ ಎಂದರು. ಫೋಟೋ ಇದೆಯಾ ಎಂದರೆ, ಬಿದ್ದ ಮನೆಯ ಫೋಟೋ ಯಾರು ತೆಗೆಯುತ್ತಾರೆ ಎಂದರು. ಮಶೀನು ಎಂದರೆ, ಫಳಫಳ ಹೊಳೆಯುವ ಎರಡು ಮಶೀನು ತೋರಿಸಿದರು.

"ಇವ ನನ್ನವಲ್ರಿ," ಎಂದಳು ಆಕೆ ಸಣ್ಣ ದನಿಯಲ್ಲಿ.

"ಸುಮ್ಕಿರ ವೈನಿ," ಎಂದು ಅಂಗಡಿಯಾತ ಗದರಿದ. "ಅಕ್ಕಾರ ಬರ್ತಾರಂತ ಬ್ಯಾರೆ ಓಣಿಯಿಂದ ತಂದೀವಿ."

ಅವರ ಒಳ್ಳೆಯತನಕ್ಕೆ ನಾನು ಕೈ ಮುಗಿಯಬೇಕು. ಆದರೆ ವರದಿಯಲ್ಲಿ ಬರೆಯುವುದೇನನ್ನು? ಗೋಡೆ ಗಟ್ಟಿ, ಮಶೀನು ಹೊಸವು. ನಾನು ವಿಷಯ ಬಿಡಿಸಿ ಹೇಳಿದೆ. ಓಣಿಯ ಮುತ್ತೈದೆಯೊಬ್ಬಳ ಕೈಯಿಂದ ನನಗೆ ಉಡಿ ತುಂಬಿಸಲಿಕ್ಕೆಂದು ಖಣ, ತೆಂಗಿನಕಾಯಿ ಹಿಡಿದು ನಿಂತಿದ್ದ ಆಕೆ ತಾಟನ್ನು ಆ ಹೊಸ ಮಶೀನಿನ ಮೇಲೆ ಇಟ್ಟುಬಿಟ್ಟಳು.

ಅಂಗಡಿಯಾತ ತೋಳು ಮೇಲೇರಿಸಿದ. "ಇಷ್ಟ ಹೌದಲ್ರಿ? ಗ್ವಾಡಿ ಮತ್ತ ಕೆಡವೂಣು. ಅಕ್ಕಾರ ನೋಡ್ಲಿ. ಆಮ್ಯಾಲ ಮತ್ತ ಕಟ್ಟೂಣು."

"ಬೇಡ, ಬೇಡ! ಅದು ಸುಳ್ಳಾಗುತ್ತದೆ," ಎಂದು ನಾನು ಕೂಗಿದೆ. ಕೇಳುವವರು ಯಾರು? ಅಷ್ಟರಲ್ಲಿ ಗೌಂಡಿ, "ನಾ ಕಟ್ಟಿದ್ದನ್ನ ನೀವು ಕೆಡವಾವ್ರು? ಕೆಡವ್ರಿ, ನೋಡೇ ಬಿಡೂಣು" ಎಂದ. ಅಲ್ಲಿಗೆ ನಾನೂ ವಿಮೆಯೂ ಮೂಲೆಗೆ ಬಿದ್ದೆವು. ಮಾತು ಪಂದ್ಯಕ್ಕೆ ತಿರುಗಿತು.

ಎರಡು ಮನೆಗಳ ನಡುವೆ ಮೂರಡಿಯ ಸಂದಿ. ಅಂಗಡಿಯಾತ ಮತ್ತು ಮೂವರು ಗಟ್ಟಿಮುಟ್ಟು ಆಸಾಮಿಗಳು ಸಂದಿಯಲ್ಲಿ ಇಳಿದು, ಬೆನ್ನನ್ನು ಅಂಗಡಿಯಾತನ ಮನೆಯ ಗೋಡೆಗೆ ಆನಿಸಿ, ಕಾಲನ್ನು ಹೊಸ ಗೋಡೆಗೆ ಕೊಟ್ಟು ಒದ್ದರು. ಹೊಸ ಗೋಡೆ ಮಿಸುಕಲಿಲ್ಲ. ಗೌಂಡಿ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕತೊಡಗಿದ. ಮತ್ತೊಮ್ಮೆ ಒದ್ದರು. ಮೂರನೆಯ ಸಲ ಅಂಗಡಿಯಾತ, "ಎಲ್ಲಾರೂ ಬೆನ್ನಿಗೆ ಜೋರ ಕೊಡ್ರಿ!" ಎಂದ.

ಕೊಟ್ಟರು. ಧಡಾರೆಂದು ಸಪ್ಪಳವಾಯಿತು. ನಾಲ್ವರೂ ಅಂಗಾತ ಬಿದ್ದಿದ್ದರು, ಅಂಗಡಿಯಾತನ ಮಲಗುವ ಕೋಣೆಯೊಳಗೆ, ಅವನದೇ ಗೋಡೆಯ ಮೇಲೆ. ದೇವರ ದಯದಿಂದ ಕೋಣೆ ಖಾಲಿ ಇತ್ತು, ಯಾರಿಗೂ ಏನೂ ಆಗಲಿಲ್ಲ.

"ಅದು ನಾ ಕಟ್ಟಿದ್ದಲ್ರಿ," ಎಂದು ಗೌಂಡಿ ನನಗೆ ವಿವರಿಸಿದ.

ಧೂಳು ಇಳಿಯಿತು. ಒಳಗೆ ಮಂಚದ ಕೆಳಗೆ, ಗೋಣಿಚೀಲದಡಿ, ನಜ್ಜುಗುಜ್ಜಾದ ಎರಡು ಹೊಲಿಗೆ ಮಶೀನುಗಳು ಕಂಡವು. ನನ್ನ ಕಣ್ಣಿಗೆ ಬೀಳಬಾರದೆಂದು ಅಂಗಡಿಯಾತ ಯಾರಿಗೂ ಹೇಳದೆ ಅಲ್ಲಿ ಅಡಗಿಸಿಟ್ಟು, ಗೋಡೆಯ ಗದ್ದಲದಲ್ಲಿ ಮರೆತೇ ಬಿಟ್ಟಿದ್ದ. ನಾನು ಕಲ್ಲು ದಾಟಿ ಹೋಗಿ ಎಳೆದೆ. ಮುರಿದ ಗಾಲಿಗಳ ನಡುವೆ ಹಳೇ ಗೋಡೆಯ ಹೆಂಟೆಗಳು ಹಾಗೇ ಸಿಕ್ಕಿಕೊಂಡಿದ್ದವು. ಹೆಂಟೆಯ ಮೇಲೆ ಹಸಿರು ಬಣ್ಣ. ಆಕೆಯ ಆ ಕೋಣೆಯ ಉಳಿದ ಮೂರು ಗೋಡೆಯದೂ ಅದೇ ಹಸಿರು. ಇದಕ್ಕಿಂತ ಸಾಕ್ಷಿ ಬೇಕೇ? ಅಲ್ಲೇ ನಿಂತು ಫೋಟೋ ತೆಗೆದು ಬರೆದುಕೊಂಡೆ. "ಬರದ್ರೇನ್ರಿ ಅಕ್ಕಾರ? ಖರೇನ ಬರದ್ರಿ?" ಎಂದು ಕೇಳಿ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಣ್ಣಿಗೂ ನೀರು ಬಂತು, ಧೂಳಿಗೆ ಎಂದುಕೊಳ್ಳಿ.

ಅಂಗಡಿಯಾತ ಮೈ ಕೊಡವಿಕೊಂಡು ಎದ್ದ. "ಅಕ್ಕಾರ, ನನ್ನ ಗ್ವಾಡೀನೂ ಬರ್ಕೋರಿ. ಇದು ಬಿದ್ದದ್ದನ್ನ ನೀವ ಕಣ್ಣಾರೆ ನೋಡೀರಿ. ಇದಕ್ಕಿಂತ ಇನ್ನೇನ ಬೇಕು?"

"ವಿಮೆ ಬೇಕು," ಎಂದೆ.

ಅವನು ಹೊಲಿಗೆಯವಳ ಮುಖ ನೋಡಿದ, ಗೌಂಡಿಯ ಮುಖ ನೋಡಿದ, ಕೊನೆಗೆ ತನ್ನ ಮಂಚ ನೋಡಿದ.

ಅಷ್ಟರಲ್ಲಿ ಸಪ್ಪಳ ಕೇಳಿ, ಮುಂದಿನ ಅಂಗಡಿಯಲ್ಲಿ ಕೂತಿದ್ದ ಅವನ ಹೆಂಡತಿ ಓಡಿ ಬಂದಳು. ಬಿದ್ದ ಗೋಡೆ ನೋಡಿದಳು, ಕಲ್ಲಿನ ರಾಶಿಯ ನಡುವೆ ನಿಂತ ಗಂಡನನ್ನು ನೋಡಿದಳು, ಮಶೀನು ಹಿಡಿದು ನಿಂತ ನನ್ನನ್ನು ನೋಡಿದಳು. ಲಗುಬಗೆಯಿಂದ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಅಯ್ಯ, ಬರ್ರಿ ಅಕ್ಕಾರ, ಕುಂದರ್ರಿ! ಇವತ್ತ ಇನ್ನೂ ಕಸಾ ಹೊಡದಿಲ್ಲ, ತಪ್ಪ ತಿಳ್ಕೋಬ್ಯಾಡ್ರಿ."